ಮೂರನೇ ಚಿಪ್ಪಿನ ಅನ್ನದ ಅಗುಳು

ನನ್ನ ಗುರುಗಳಾದ ಖಾದರಣ್ಣನವರಿಗೆ, ನಿಮ್ಮ ಮಂಜುಳ ಮಾಡುವ ನಮಸ್ಕಾರ, ಸಲಾಮು, ಎರಡೂ.

ಮದ್ದೂರಿನ ನಿಮ್ಮ ರಿಪೇರಿ ಅಂಗಡಿಗೆ ಆ ಕಬ್ಬಿನ ಗಾಡಿ ಆಟ ಬಂದ ದಿನ ನೆನಪಿದೆಯೇ? ಬೆಂಗಳೂರಿನವರೊಬ್ಬರು ತಾವೇ ಮಾಡಿದ ವಿಡಿಯೋ ಗೇಮಿನ ಮೊದಲ ಬೋರ್ಡು ತಂದು, ನಿಮ್ಮ ಗೇಮ್ ಪೆಟ್ಟಿಗೆಯಲ್ಲಿ ಕೂರಿಸಿ, "ನಿಮ್ಮ ಜನ ಆಡಲಿ, ಏನೇನು ಬೈತಾರೋ ಬರೆದಿಡಿ. ಇರೋದು ಇದೊಂದೇ, ಚಿಪ್ ಮಾತ್ರ ಕೀಳಬೇಡಿ" ಎಂದು ಹೇಳಿ ಹೋದರು. ಗಾಡಿಯಲ್ಲಿ ಕಬ್ಬು ಹೇರಿಕೊಂಡು ಫ್ಯಾಕ್ಟರಿ ಸೇರಬೇಕು, ದಾರಿಯಲ್ಲಿ ಹುಡುಗರು ಜಲ್ಲೆ ಎಳೆಯುತ್ತಾರೆ, ಅಷ್ಟೇ ಆಟ. ನೀವೋ ಬೈಗುಳವನ್ನೂ ಬಿಡದೆ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿರಿ. ಹಲಗೂರಿನ ಗೌಡರೊಬ್ಬರ ಮಾತು ಇನ್ನೂ ಹಾಗೇ ಇದೆ: "ಎತ್ಗೆ ನೀರ್ ಕುಡ್ಸಕ್ಕೆ ಒಂದ್ ಗುಂಡಿ ಮಡಗಿಲ್ವಲ್ಲಾ, ಇದ್ಯಾವ ಸೀಮೆ ಬೇಸಾಯ ಕಣ್ಲಾ!"

ಆಟವೆಲ್ಲ ತುಂಬಿದ್ದ ಬೋರ್ಡಿನ ನಾಲ್ಕು ಚಿಪ್ಪುಗಳ ಮೇಲೆ ನೀವು ಬೀಡಿ ಕಟ್ಟಿನ ಲೇಬಲ್ ಅಂಟಿಸುತ್ತಿದ್ದುದನ್ನು ನೋಡಿ ನಾನು ನಕ್ಕಿದ್ದೆ. ಪ್ರತಿಯೊಂದರ ಬೆನ್ನಿಗೂ ಪುಟ್ಟ ಗಾಜಿನ ಕಿಟಕಿ. "ನಗಬ್ಯಾಡ ಕಣಮ್ಮ, ಇದ್ರೊಳಿಕ್ಕೆ ಬಿಸ್ಲು ಬಿದ್ರೆ ಬರ್ದಿರೋದೆಲ್ಲ ಅಳ್ಸೋಯ್ತದೆ" ಅಂದಿರಿ. ಆಗಿನ್ನೂ ನನಗೆ ಡಿಪ್ಲೊಮಾ ಮುಗಿದ ಹೊಸತು, ಹೊಳಲಿನಿಂದ ದಿನಾ ಬಸ್ಸಿನಲ್ಲಿ ಬಂದು ನಿಮ್ಮ ಹತ್ತಿರ ಕೆಲಸ ಕಲಿಯುವವಳಿಗೆ ನಿಮ್ಮ ಮಾತು ನಂಬುವ ತಾಳ್ಮೆಯಿರಲಿಲ್ಲ, ಕಾಗದದ ಕೆಳಗೇನಿದೆ ಎಂದು ನೋಡುವ ಕೊಬ್ಬಿತ್ತು.

ಆ ಶುಕ್ರವಾರ ಬೆಳಗ್ಗೆ ನೀವು ಬೋರ್ಡಿನ ಕರೆಂಟಿನ ವೈರು ಸಡಿಲವಾಗಿದೆಯೆಂದು ಬೆಸುಗೆ ಹಾಕಿ, ನಮಾಜಿಗೆ ಹೋದಿರಿ. ನಾನು ಮೂರನೇ ಚಿಪ್ಪನ್ನು ಕಿತ್ತೆ. ಅದರ ನಂಬರು ಓದಲು ಲೇಬಲ್ ಬಿಡಿಸಿದೆ, ಹರಿಯಿತು. ಅಲ್ಲೇ ಬಾಗಿಲ ಬಳಿಯ ಬಿಸಿಲಲ್ಲಿಟ್ಟು ಡಬ್ಬಿ ಬಿಚ್ಚಿ ಊಟಕ್ಕೆ ಕೂತೆ. ನಿಮ್ಮ ಸೈಕಲ್ಲಿನ ಗಂಟೆ ಕೇಳಿತು ನೋಡಿ... ಡಬ್ಬಿಯ ಅನ್ನದ ಅಗುಳನ್ನೇ ಅರೆದು ಲೇಬಲ್ ಅಂಟಿಸಿ, ಚಿಪ್ಪನ್ನು ಅದರ ಜಾಗಕ್ಕೆ ಒತ್ತಿಬಿಟ್ಟೆ. ನೀವು ಬಂದು ಸ್ವಿಚ್ ಹಾಕಿದಿರಿ. ಪರದೆಯ ತುಂಬ ಬರೀ ಗೆರೆ. ಬಿಸಿಲಿಗೆ ಎಲ್ಲ ಅಳಿಸಿಹೋಯಿತೆಂದೇ ಅಂದುಕೊಂಡೆ.

ನಿಮ್ಮ ಮುಖ ಬಿಳಿಚಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ. "ನನ್ ಕೈಯೇ ಕೆಡ್ಸ್ತು ಕಣಮ್ಮ. ಬೆಸ್ಗೇಲಿ ಏನೋ ಸುಟ್ಟಾಕ್ಬುಟ್ಟೆ" ಅಂದಿರಿ. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ನಾನು ಡಬ್ಬಿ ಮುಚ್ಚಿದೆ. ಬೆಂಗಳೂರಿನವರು ಮತ್ತೆ ಬರಲೇ ಇಲ್ಲ, ನೀವು ಬೋರ್ಡನ್ನು ಹಳೆ ಲುಂಗಿಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಿರಿ. ನಿಮ್ಮ ಮಣ್ಣಿಗೆ ಬಂದಾಗಲೂ ನಾನು ಹೇಳಲಿಲ್ಲ.

ಕಳೆದ ತಿಂಗಳು ಮೈಸೂರಿನ ಮೇಷ್ಟರೊಬ್ಬರು ಮಂಡ್ಯದ ನನ್ನ ಯುಪಿಎಸ್ ಅಂಗಡಿ ಹುಡುಕಿಕೊಂಡು ಬಂದರು. ಮಾರುಕಟ್ಟೆಗೆ ಬರದೇ ಹೋದ ಹಳೆಯ ಗೇಮುಗಳ ಮೊದಲ ಬೋರ್ಡು ಹುಡುಕಿ, ಅದರೊಳಗಿನದನ್ನು ನಕಲು ತೆಗೆದು ಉಳಿಸುವ ಹುಚ್ಚು ಅವರಿಗೆ. ಬೋರ್ಡು ಬೇಕು, ನೋಟ್‌ಬುಕ್ಕು ಬೇಕು, ಜೊತೆಗೆ ಅದು ಹೇಗೆ ಬಂತು, ಹೇಗೆ ಕೆಟ್ಟಿತು ಎಂದು ಬರೆದುಕೊಡಬೇಕು ಎಂದರು. "ಹೇಗೆ ಬಂತು" ಒಂದೇ ಏಟಿಗೆ ಬರೆದೆ. "ಹೇಗೆ ಕೆಟ್ಟಿತು" ಎಂಬಲ್ಲಿ ಪೆನ್ನು ನಿಂತಿತು.

ಮೊನ್ನೆ ಭಾನುವಾರ ನಿಮ್ಮ ಮನೆಯಲ್ಲೇ, ನಿಮ್ಮ ಹೆಂಡತಿ ಜೀನತ್ ಆಪಾ ಟ್ರಂಕು ತೆಗೆದುಕೊಟ್ಟರು. ಚಿಪ್ಪುಗಳ ತಂತಿಯಂಥ ಕಾಲುಗಳೆಲ್ಲ ಕಪ್ಪಾಗಿದ್ದವು. ಒಮ್ಮೆ ಕಿತ್ತರೆ ಮತ್ತೆ ಕೂರುತ್ತವೆಂಬ ನಂಬಿಕೆಯಿಲ್ಲ ಎಂದು ಮೇಷ್ಟರು ಎಚ್ಚರಿಸಿದರು. ನಾನು ಕಿತ್ತುಕೊಟ್ಟ ಒಂದು, ಎರಡು, ನಾಲ್ಕನೆಯದನ್ನು ಅವರ ಯಂತ್ರ ಓದಿಕೊಂಡಿತು. ಮೂರನೆಯದಕ್ಕೆ ಕೈ ಹಾಕಲು ನನಗೇ ಆಗಲಿಲ್ಲ. ಆಪಾ ಬಗ್ಗಿ ನೋಡಿ, "ಇದೇನಮ್ಮ, ಲೇಬಲ್ ಅಂಚ್ನಲ್ಲಿ ಅನ್ನದ್ ಅಗಳಾ?" ಅಂದರು.

ಹೇಳಿಬಿಟ್ಟೆ ಖಾದರಣ್ಣ. ಮೇಷ್ಟರ ಎದುರಿಗೇ, ಒಂದೂ ಬಿಡದೆ.

ಆಪಾ ಸಮಾಧಾನ ಹೇಳಲಿಲ್ಲ. "ಆವತ್ತಿಂದ ಅವ್ರು ಯಾವ್ ಬೋರ್ಡ್ ಮುಟ್ಟೋ ಮುಂಚೇನೂ ಎರಡು ಕೈಯ್ಯೂ ತಿರ್ಗಿಸಿ ತಿರ್ಗಿಸಿ ನೋಡ್ಕಳೋರು. ನಾನು ಕೈ ನೋವೇನೋ ಅಂದ್ಕಂಡಿದ್ದೆ" ಅಂದರು. ಆಮೇಲೆ, "ಕೀಳಮ್ಮ. ನೀನೇ ಕೀಳು" ಅಂದರು.

ಕಿತ್ತೆ. ಒಂದು ಕಾಲು ತೂತಿಗೆ ಇಳಿಯದೆ ಚಿಪ್ಪಿನ ಹೊಟ್ಟೆಯ ಕೆಳಗೆ ಮಡಚಿಕೊಂಡಿತ್ತು. ಮೇಲಿನಿಂದ ಕಾಣುವಂತೆಯೇ ಇರಲಿಲ್ಲ. ಆವತ್ತು ಅವಸರದಲ್ಲಿ ಒತ್ತಿದ್ದೆನಲ್ಲ! ಚಿಮುಟದಿಂದ ಕೂದಲೆಳೆಯಷ್ಟೇ ಎತ್ತುತ್ತ ಬಂದೆ, ಮುರಿದರೆ ಆಟವೇ ಹೋಯಿತು. ಮುರಿಯಲಿಲ್ಲ. ಯಂತ್ರ ಓದಿತು, ಮೇಷ್ಟರು ಮೂರು ಸಲ ಓದಿಸಿದರು, ಮೂರು ಸಲವೂ ಒಂದೇ. ಊಟದ ಹೊತ್ತಿನ ಬಿಸಿಲಿಗೆಲ್ಲ ಅಳಿಸುವುದಿಲ್ಲವಂತೆ, ದಿನಗಟ್ಟಲೆ ಬೀಳಬೇಕಂತೆ. ಕೆಟ್ಟಿದ್ದು ಒಂದು ಕಾಲು ಮಾತ್ರ. ಆವತ್ತೇ ಹೇಳಿದ್ದರೆ ನೀವು ಐದು ನಿಮಿಷದಲ್ಲಿ ನೆಟ್ಟಗೆ ಮಾಡಿ, ನನಗೆರಡು ಬೈದು, ಟೀ ತರಿಸುತ್ತಿದ್ದಿರಿ. ಆ ಐದು ನಿಮಿಷವನ್ನು ನಾನು ನಿಮ್ಮಿಂದ...

ನಿಮ್ಮ ನೋಟ್‌ಬುಕ್ಕಿನ ಕೊನೆಯ ಸಾಲು ಓದಿದಾಗ ಅತ್ತೆ. "ಆಟ ನನ್ನ ಕೈತಪ್ಪಿನಿಂದ ಕೆಟ್ಟಿತು. ಖಾದರ್." ಹೊಡೆದುಹಾಕಲು ಹೊರಟರೆ ಮೇಷ್ಟರು, ಅದೂ ಚರಿತ್ರೆಯೇ, ಮುಟ್ಟಬೇಡಿ ಎಂದರು. ಅದಕ್ಕೇ ಅದರ ಕೆಳಗೆ ಬರೆದೆ: "ಅಲ್ಲ. ಚಿಪ್ಪಿನ ಕಾಲು ಮಡಚಿ ಸುಮ್ಮನಿದ್ದವಳು ಮಂಜುಳ. ಖಾದರಣ್ಣನ ಬೆಸುಗೆ ಇವತ್ತಿಗೂ ಗಟ್ಟಿಯಾಗಿದೆ." ಆಟದ ನಕಲು ಹೋಗುವ ಕಡೆಗೆಲ್ಲ ಈ ಹಾಳೆಯೂ ಹೋಗಬೇಕು, ಅದನ್ನು ನಾನೇ ನೋಡಿಕೊಳ್ಳುತ್ತೇನೆ.

ಬೋರ್ಡಿಗೆ ಚಿಪ್ಪು ಕೂರಿಸಿ, ಮೇಷ್ಟರು ತಂದಿದ್ದ ಪರದೆಗೆ ಜೋಡಿಸಿ ಸ್ವಿಚ್ ಹಾಕಿದಾಗ ಗಾಡಿ ಹೊರಟಿತು. ಆಪಾ ಆಡಿದರು. ಹುಡುಗರು ಕಬ್ಬೆಲ್ಲ ಎಳೆದುಕೊಂಡು, ಫ್ಯಾಕ್ಟರಿ ಸೇರುವಷ್ಟರಲ್ಲಿ ಬರೀ ಗಾಡಿ ಉಳಿದಿತ್ತು. ಅವರು ಪರದೆಯಿಂದ ಕಣ್ಣು ತೆಗೆಯದೆ ಅಂದ ಮಾತನ್ನು ನಿಮಗೆ ಮುಟ್ಟಿಸಬೇಕೆಂದೇ ಇಷ್ಟುದ್ದ ಬರೆದೆ.

"ಅವ್ರ್ ಕೈ ಸರ್ಯಾಗೇ ಇತ್ತು ಅನ್ನು."

ಸರಿಯಾಗೇ ಇತ್ತು ಖಾದರಣ್ಣ.