ಶಾಲಿಗೆ ವಾಸಿಯಾದ ಉಬ್ಬಸ

ಆರೋಗ್ಯ ಕೇಂದ್ರದ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ಕೊಟ್ಟ ಇನ್ಹೇಲರ್‌ನಿಂದ ನಮ್ಮ ಮನೆಯ ಉಣ್ಣೆ ಶಾಲಿನ ಉಬ್ಬಸ ಸಂಪೂರ್ಣ ವಾಸಿಯಾಗಿದೆ, ಧನ್ಯವಾದಗಳು. ಐದು ವರ್ಷದ ನನ್ನ ಮಗಳು ತುಫೂಲ್ ಮಾತ್ರ ಉಸಿರಿಗಾಗಿ ಒದ್ದಾಡಿ ದೊಡ್ಡಾಸ್ಪತ್ರೆ ಸೇರಬೇಕಾಯಿತು. ಔಷಧಿ ಕೊಟ್ಟಿರಿ, ಅದನ್ನು ಎದೆಗೆ ಇಳಿಸುವುದು ಹೇಗೆಂದು ಹೇಳಿಕೊಡಲಿಲ್ಲ. ನನ್ನ ದೂರು ಇಷ್ಟೇ.

ಹೇಳಿಕೊಟ್ಟೆವಲ್ಲ ಎನ್ನುವಿರಿ. ಹೌದು. ನಮ್ಮ ಸಲಾಲಾ ಊರಿಗೆ ಖರೀಫ್ ಎಂಬ ಮಳೆಗಾಲದ ಜಿನುಗು ಹಿಡಿದು, ಊರಿನ ಅರ್ಧ ಮಕ್ಕಳು ಸಿಳ್ಳೆ ಹೊಡೆಯುವ ಎದೆ ಹೊತ್ತು ನಿಮ್ಮಲ್ಲಿಗೆ ಬಂದಿದ್ದ ದಿನ, ನಿಮ್ಮ ಔಷಧಿ ವಿತರಕರು ಗಾಜಿನಾಚೆ ನಿಂತು ಇನ್ಹೇಲರನ್ನು ಗಾಳಿಗೆ 'ಫುಸ್' ಎನ್ನಿಸಿ, "ನೋಡಮ್ಮ, ಹೀಗೇ. ಮುಂದಿನೋರು ಬನ್ನಿ!" ಎಂದರು. ಉಬ್ಬಸ ಇದ್ದದ್ದು ಗಾಳಿಗೇ?

ಜೊತೆಗಿದ್ದ ನನ್ನ ಅತ್ತೆ ಥಮ್ನಾ ಈ ಪಾಠವನ್ನು ಚಾಚೂ ತಪ್ಪದೆ ಕಲಿತರು. ನೆಗಡಿಯಿಂದ ಕೆಟ್ಟ ದೃಷ್ಟಿಯವರೆಗೆ ಎಲ್ಲಕ್ಕೂ ಲೋಬಾನದ ಹೊಗೆ ಹಾಕಿ ಪಳಗಿದ ಕೈ ಅವರದು. ಮನೆಗೆ ಬಂದವರೇ ಮೊಮ್ಮಗಳ ತಲೆಗೆ ಶಾಲು ಹೊದಿಸಿ, ಒಳಗೆ ಇನ್ಹೇಲರ್ ತೂರಿಸಿ ಸುತ್ತಲೂ ಸಿಂಪಡಿಸಿದರು.

"ಅತ್ತೆ, ಇದು ಸರೀನಾ?"

"ಹೊಗೆ ಹಾಕ್ದಂಗೇ ಕಣೇ, ಕೆಂಡ ಒಂದಿಲ್ಲ ಅಷ್ಟೆ. ಸರ್ಕಾರದೋರು ಸುಧಾರಿಸಿದಾರೆ! ಆ ತುದಿ ಬಿಗಿಯಾಗಿ ಹಿಡ್ಕೋ."

ಹಿಡಿದುಕೊಂಡೆ. ಒಳಗಿನಿಂದ ತುಫೂಲ್, "ಅಜ್ಜೀ, ಶಾಲಿಗೂ ದಮ್ಮಾ?" ಎಂದು ನಕ್ಕಳು. ಮರುದಿನ ಸಂಜೆ ನಗಲಿಲ್ಲ. ತುಟಿ ನೀಲಿಗಟ್ಟಿತ್ತು.

ದೊಡ್ಡಾಸ್ಪತ್ರೆಯ ವೈದ್ಯೆ ಆಮ್ಲಜನಕ ಕೊಟ್ಟರು. ಆಮೇಲೆ ಅದೇ ಔಷಧಿಯನ್ನು ಅಲುಗಾಡಿಸಿ, ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ, ಅದರ ಮುಖವಾಡವನ್ನು ಮಗುವಿನ ಮೂಗು-ಬಾಯಿಗೆ ಸಂದಿಲ್ಲದಂತೆ ಹಿಡಿದು, ಒಮ್ಮೆ ಒತ್ತಿ, "ನಿಧಾನಕ್ಕೆ ಉಸಿರಾಡು ಪುಟ್ಟಿ... ಹಾಂ, ಇನ್ನೂ..." ಎಂದರು. ಸ್ವಲ್ಪ ಬಿಟ್ಟು ಮತ್ತೆ. ಮೆಲ್ಲಗೆ ಮಗುವಿನ ತುಟಿಗೆ ಬಣ್ಣ ಮರಳಿತು. ಇಷ್ಟೇ ವಿದ್ಯೆ! ಇದನ್ನು ತೋರಿಸಲು ನಿಮ್ಮವರಿಗೆ ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಬೇಕಿರಲಿಲ್ಲ.

ಇನ್ನು ಮನೆಯೊಳಗೆ ಲೋಬಾನ ಬೇಡ ಎಂದು ಅತ್ತೆಗೆ ಹೇಳಿದೆ. "ಹೋಗೇ! ಆ ಕೇಂದ್ರದ ಹಜಾರದಲ್ಲೇ ಧೂಪ ಹೊಗೆಯಾಡ್ತಿತ್ತಲ್ಲ, ಮೊದ್ಲು ಅವ್ರಿಗೆ ಹೇಳು" ಎಂದರು. ಹೇಳುತ್ತಿದ್ದೇನೆ, ಮಾನ್ಯರೇ. ಉಬ್ಬಸದ ಮಕ್ಕಳನ್ನು ಹೊಗೆ ಹಾಕಿ ಬರಮಾಡಿಕೊಳ್ಳುವುದೇಕೆ? ಗಿರಾಕಿ ಕಡಿಮೆಯಾದಾರೆಂಬ ಭಯವೇ?

ಧೂಪವನ್ನು ಹೊರಗಿಡಿ. ಗಾಜಿನ ಈಚೆಗೊಂದು ಕುರ್ಚಿ ಹಾಕಿಸಿ. ಸ್ಪೇಸರ್ ಕೊಟ್ಟು, ತೋರಿಸಿ, ತಾಯಿಯ ಕೈಯಲ್ಲೇ ಮಾಡಿಸಿ ನೋಡದೆ ಯಾರನ್ನೂ ಮನೆಗೆ ಕಳಿಸಬೇಡಿ. ಭಾನುವಾರ ಅತ್ತೆಯೊಡನೆ ಬರುತ್ತೇನೆ. ಕುರ್ಚಿ ಇಲ್ಲದಿದ್ದರೆ ಅವರು ನಿಮ್ಮದರಲ್ಲೇ ಕೂರುತ್ತಾರಂತೆ. ಶಾಲನ್ನೂ ತರುತ್ತಾರಂತೆ, ಯಾರ ತಲೆಗೆ ಹೊದಿಸುತ್ತಾರೋ ನಾನು ಹೇಳಲಾರೆ.

ಇಂತಿ,
ಮಗಳ ಉಸಿರಿಗೆ ಕಿವಿಗೊಟ್ಟು ನಿದ್ದೆ ಮರೆತ,
ಆ ಶಾಲಿನ ತುದಿ ಬಿಗಿಯಾಗಿ ಹಿಡಿದಿದ್ದ ಪದವೀಧರೆ,
ತುಫೂಲಳ ಅಮ್ಮ