ಎರಡನೇ ಕೂಸಿನ ಸಾಲು

ಮನೆಯಿಂದ,
ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಚಿಕ್ಕವರಿದ್ದಾಗ ನೀನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಸಾಲು ಬರೆದಿದ್ದೆ. ‘ಹೆಸರಿಡುವ ಮೊದಲೂ ಅದು ಇತ್ತು’ ಎಂದೋ, ‘ಹೆಸರಿಟ್ಟ ಮೇಲೆ ಅದು ಬಂತು’ ಎಂದೋ? ಎರಡು ದಿನದಿಂದ ಅದೇ ತಲೆ ತಿನ್ನುತ್ತಿದೆ. ಇರಲಿ, ನಿನ್ನ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತುವುದು ಕಡಿಮೆ ಮಾಡಿದೆಯಾ? ನಿನ್ನ ಮಗಳು ಇಲ್ಲಿ ನನ್ನ ಹತ್ತಿರ ಚೆನ್ನಾಗಿದ್ದಾಳೆ. ಅವಳಿ ಅಲ್ಲವೇ, ಏಳು ತಿಂಗಳಿಗೇ ಹೊಟ್ಟೆ ಇಷ್ಟು ದೊಡ್ಡದಾಗಿದೆ. ‘ಚಿಕ್ಕಮ್ಮಾ, ನನ್ನ ಪಾದ ಇನ್ನೂ ಅಲ್ಲೇ ಇದೆಯಾ, ನೋಡಿ ಹೇಳು’ ಎನ್ನುತ್ತಾಳೆ. ನನಗೆ ನಗು ಬರುತ್ತಿಲ್ಲ.

ಕಂಪ್ಯೂಟರಿಗೆ ಹಾಕುವ ಮೊದಲು ಲೋಕದಲ್ಲಿ ಏನೇನಿದೆ ಎಂದು ಕಾಗದದ ಮೇಲೆ ಚೌಕ ಬರೆಯುವುದು ನನ್ನ ಸಂಶೋಧನೆ. ‘ಗೆರೆ ಎಳೆದಿದ್ದಕ್ಕೂ ಡಾಕ್ಟರೇಟ್ ಕೊಡ್ತಾರಾ?’ ಎಂದು ನೀನೇ ಆಡಿಕೊಂಡಿದ್ದೆ. ನಾನು ನಂಬಿದ ಸಿದ್ಧಾಂತ ಸರಳ: ಲೋಕದಲ್ಲಿರುವುದು ವಸ್ತುಗಳು ಮತ್ತು ಅವುಗಳ ಗುಣಗಳು. ವಸ್ತುವಿಗೆ ಚೌಕ, ಗುಣಕ್ಕೆ ಅದರೊಳಗೊಂದು ಸಾಲು. ಹೆರಿಗೆ ವಾರ್ಡಿನ ದಾಖಲೆಗೆಂದು ಬರೆದ ನಕ್ಷೆಯಲ್ಲಿ ತಾಯಿಗೆ ಚೌಕ ಕೊಟ್ಟೆ. ಆಗತಾನೇ ಹುಟ್ಟಿದ ಕೂಸಿಗೆ ಹೆಸರಿಲ್ಲ, ನಂಬರಿಲ್ಲ. ತಾಯಿಯ ಎತ್ತರ, ರಕ್ತದ ಗುಂಪುಗಳ ಕೆಳಗೆ ಅದನ್ನೂ ಒಂದು ಸಾಲಾಗಿ ಸೇರಿಸಿದೆ. ಚೊಕ್ಕವಾಗಿದೆ ಎಂದರು ಎಲ್ಲರೂ. ಆಸ್ಪತ್ರೆಯವರು ಅದನ್ನೇ ಕಂಪ್ಯೂಟರಿಗೆ ಹಾಕಿಸಿ, ಅದನ್ನೇ ನೆಚ್ಚಿಕೊಂಡು ಈ ಸೋಮವಾರ ಕಾಗದದ ರಿಜಿಸ್ಟರುಗಳನ್ನು ಎತ್ತಿಟ್ಟರು.

ಅದೇ ಸಂಜೆ, ಸುಮ್ಮನೆ ಆಸೆಗೆ, ನನ್ನ ಲ್ಯಾಪ್‌ಟಾಪಿನಲ್ಲಿರುವ ಪ್ರತಿಯಲ್ಲಿ ನಿನ್ನ ಮಗಳ ಹೆಸರು ಹಾಕಿ ಒಂದು ಕೂಸಿಗೆ ಊಹೆಯ ತೂಕ ಬರೆದೆ. ಎರಡನೆಯದರದು ಬರೆದೆ. ಮೊದಲನೆಯದು ಮಾಯ! ಒಂದು ಸಾಲಿನಲ್ಲಿ ಒಂದೇ ಕೂಸಿಗೆ ಜಾಗ. ಅಕ್ಕಾ, ಕೂಸಿಗೆ ಔಷಧಿ ಅಳೆಯುವುದೇ ಆ ತೂಕ ನೋಡಿಕೊಂಡು. ಗೈಡ್‌ಗೆ ಹೇಳಿದರೆ, ‘ಮುಂದಿನ ವಾರ ವೈವಾ. ಅಲ್ಲೀವರೆಗೂ ಬಾಯಿಗೆ ಬೀಗ ಹಾಕ್ಕೊಳ್ಳಿ, ಮೇಡಂ’ ಎಂದರು. ಹಾಕಿಕೊಂಡೆ. ನಲವತ್ತೆಂಟನೇ ವಯಸ್ಸಿಗೆ ಕೈಗೆ ಬಂದ ಡಾಕ್ಟರೇಟ್ ಜಾರಿಹೋದೀತೆಂಬ ಭಯ. ಇವತ್ತು ಬೆಳಿಗ್ಗೆ ಹೋಗಿ ನಿನ್ನ ಮಗಳ ಹೆಸರನ್ನು ಅಲ್ಲಿಂದ ತೆಗೆಸಿ ಬೇರೆ ಆಸ್ಪತ್ರೆಯಲ್ಲಿ ಬರೆಸಿ ಬಂದೆ. ‘ಹತ್ತಿರ ಆಗುತ್ತೆ’ ಎಂದು ಅವಳಿಗೆ ಸುಳ್ಳು ಹೇಳಿದ್ದೇನೆ. ಕೇಳಿದರೆ ನೀನೂ ಹಾಗೇ ಹೇಳು.

ಮಂಡಿಗೆ ಎಣ್ಣೆ ಹಚ್ಚಲು ಮರೆಯಬೇಡ. ಭಾವನಿಗೆ ನಮಸ್ಕಾರ.

ನಿನ್ನ
ಪುಟ್ಟಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಪಕ್ಕದ ಮನೆಯ ನರ್ಸ್, ಅದೇ ವಾರ್ಡಿನವಳು, ಯೂನಿಫಾರ್ಮಿನಲ್ಲೇ ಓಡಿ ಬಂದಿದ್ದಾಳೆ. ಅವಳ ಜೊತೆ ಹೊರಟಿದ್ದೇನೆ ಅಕ್ಕಾ. ವೈವಾ ಏನಾದರೂ ಆಗಲಿ. ಹೊಸ್ತಿಲಲ್ಲೇ ನಿಂತು ಅವಳು ಕೇಳಿದ್ದಿಷ್ಟು: ‘ಮೇಡಂ, ಆ ನಕ್ಷೆ ನಿಮ್ದೇ ಅಂತೆ ಅಲ್ವಾ, ಸ್ವಲ್ಪ ಹೇಳಿ. ಈಗ ಒಬ್ರಿಗೆ ಅವಳಿ ಆಯ್ತು. ಒಂದನ್ನ ಬರೆದ್ರೆ ಇನ್ನೊಂದು ಅಳಿಸಿ ಹೋಗುತ್ತೆ. ಎರಡೂ ಅಳ್ತಾ ಇವೆ. ಯಾವುದನ್ನ ಬರೀಲಿ?’