‘ತಪ್ಪಾಯ್ತಮ್ಮ’ ಎಂಬುದರ ಇಂಗ್ಲಿಷ್

ಮಾನ್ಯ ಸರ್ಕಾರಿ ವಕೀಲರೇ,

ಕನ್ನಡದ ಒಂದು ಕ್ರಿಯಾಪದದಲ್ಲಿ ಕರ್ತೃ ಕಾಣಲಿಲ್ಲವೆಂದು ತಾವು ನನ್ನ ಗಂಡನ ಅರ್ಜಿಯನ್ನು ವಿರೋಧಿಸಿದಿರಿ. ನ್ಯಾಯಾಲಯ ತಮ್ಮ ಮಾತನ್ನು ಒಪ್ಪಿ ಅದನ್ನು ತಿರಸ್ಕರಿಸಿತು. ಲೈಂಗಿಕ ಅಪರಾಧಿಗಳ ನೋಂದಣಿ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಅವರು ಕೇಳಿದ್ದರು. ಈ ಪತ್ರವನ್ನು ತಾವು ಓದಲಾರಿರಿ. ಹನ್ನೊಂದು ವರ್ಷದ ನಮ್ಮ ಮಗಳು ಮೈತ್ರಿಯೂ ಓದಲಾರಳು. ಕನ್ನಡದಲ್ಲಿ ಬರೆಯುತ್ತಿರುವುದು ಅದಕ್ಕೇ. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಗೊತ್ತಾಗುವ ಮೊದಲು ಇದು ಮುಗಿಯಲಿ ಎಂಬುದೊಂದೇ ನಮ್ಮ ಆಸೆಯಾಗಿತ್ತು.

ಓದಬಲ್ಲವರಿಗೆ ಇದು ಹೊಸ ಸುದ್ದಿಯಲ್ಲ. ನ್ಯೂಕ್ಯಾಸಲ್‌ನ ನಮ್ಮ ನೆರೆಯವರೊಬ್ಬರು ನ್ಯಾಯಾಲಯದಿಂದ ಈ ಅರ್ಜಿಯ ದಾಖಲೆ ಕೇಳಿ ಪಡೆದು, ಸಮಾಜಸೇವೆಯೆಂದು ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಯಾಗಿದೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ಇದನ್ನು ಮಕ್ಕಳ ಮುಂದೆ ಇಂಗ್ಲಿಷಿನಲ್ಲಿ ಹೇಳಬೇಡಿ.

ನನ್ನ ಗಂಡ ಲಕ್ಷ್ಮೀಕಾಂತ ಹುಡುಗನಾಗಿದ್ದಾಗ ತಂದೆಯ ವಿಮಾನ ಕಂಪನಿಯ ಕೆಲಸದಿಂದಾಗಿ ಇಲ್ಲಿಗೆ ಬಂದು, ಅಮೆರಿಕನ್ ಪ್ರಜೆಯಾದವರು. ಬೇರೊಂದು ರಾಜ್ಯದಲ್ಲಿ ಓದುತ್ತಿದ್ದಾಗ, ಇಪ್ಪತ್ತಮೂರರ ವಯಸ್ಸಿನಲ್ಲಿ, ನಿದ್ರಿಸುತ್ತಿದ್ದ ಸಹಪಾಠಿಯೊಬ್ಬಳ ಮೈ ಮುಟ್ಟಿದರು. ಅದು ಸಣ್ಣದೆಂದು ನಾನು ಯಾವತ್ತೂ ಹೇಳಿಲ್ಲ, ಅವರೂ ಹೇಳಿಲ್ಲ. ಶಿಕ್ಷೆ ಅನುಭವಿಸಿದರು. ಮದುವೆಗೆ ಮುಂಚೆ ಕರ್ಕ್‌ಲ್ಯಾಂಡಿನ ಸರೋವರದ ದಂಡೆಯಲ್ಲಿ ಕೂತು, ಒಂದನ್ನೂ ಬಿಡದೆ ನನಗೆ ತಿಳಿಸಿದರು. ಹೊರರಾಜ್ಯದಲ್ಲಿ ಶಿಕ್ಷೆಯಾದವರ ನೋಂದಣಿಗೆ ಇಲ್ಲಿ ತಾನಾಗಿಯೇ ಕೊನೆಯೆಂಬುದಿಲ್ಲ. ಹದಿನೈದು ವರ್ಷ ಇನ್ನೊಂದು ಅಪರಾಧವಿಲ್ಲದೆ ಕಳೆದ ಮೇಲೆ ಅರ್ಜಿ ಹಾಕಬಹುದು. ಅವರು ಕಳೆದರು. ಹಾಕಿದರು.

ಅರ್ಜಿಗಾಗಿ ಅವರನ್ನು ಪರೀಕ್ಷಿಸಿದ ಮನೋವಿಜ್ಞಾನಿ, ಬಂಧನವಾದ ದಿನ ತಾಯಿಗೆ ಏನು ಹೇಳಿದಿರಿ ಎಂದು ಕೇಳಿದರಂತೆ. ‘ತಪ್ಪಾಯ್ತಮ್ಮ’ ಎಂದೆ, ಅಂದರು ಇವರು. ಹಾಗೆಂದರೇನು? ನನ್ನ ಗಂಡ ಎಂಜಿನಿಯರ್. ಪದಕ್ಕೆ ಪದ ಇಟ್ಟುಕೊಟ್ಟರು. ಆ ಇಂಗ್ಲಿಷ್ ವಾಕ್ಯ ವರದಿಗೆ ಹೋಯಿತು, ವಿಚಾರಣೆಯ ದಿನ ತಮ್ಮ ಬಾಯಿಗೆ ಬಂತು. “ಎ ಮಿಸ್ಟೇಕ್ ಹ್ಯಾಪನ್ಡ್” ಎಂದು ಎರಡು ಸಲ ಓದಿದಿರಿ. ಮಳೆ ಬಂದ ಹಾಗೆಯೇ, ಎಂದು ಕೇಳಿದಿರಿ. ಈ ಮನುಷ್ಯ ತನ್ನ ಕೃತ್ಯವನ್ನು ಇನ್ನೂ ತನ್ನದೆಂದು ಒಪ್ಪಿಲ್ಲ ಎಂದಿರಿ.

ನಾನು ಓದುವುದು ಹೆಚ್ಚಾಗಿ ಅನುವಾದವಾದ ಕಾದಂಬರಿಗಳನ್ನು. ಪ್ರತಿ ಪದವೂ ಸರಿಯಿದ್ದು ವಾಕ್ಯ ಸುಳ್ಳಾಗಬಹುದೆಂದು ಅವುಗಳಿಂದ ಕಲಿತಿದ್ದೇನೆ. ನಮ್ಮಲ್ಲಿ ‘ತಪ್ಪು ಮಾಡಿದೆ’ ಎಂದು ವಾದಕ್ಕೆ ನಿಂತವನೂ ಹೇಳಬಹುದು. ‘ತಪ್ಪಾಯ್ತು’ ಎನ್ನುವವನು ವಾದ ಬಿಟ್ಟಿರುತ್ತಾನೆ. ಕಾಲಿಗೆ ಬಿದ್ದವನನ್ನು ತಾವು ಕಾಲು ಜಾರಿ ಬಿದ್ದವನೆಂದು ಬರೆದುಕೊಂಡಿರಿ. ಪಶ್ಚಾತ್ತಾಪವನ್ನು ಅಳೆಯುವ ಕಚೇರಿಗೆ ಅದು ಯಾವ ಭಾಷೆಯಲ್ಲಿ ಹುಟ್ಟಿತೆಂದು ಕೇಳುವಷ್ಟು ಬಿಡುವಿರಲಿಲ್ಲವೇ?

ಆದರೆ ನಿಖರವಾಗಿ ಹೇಳಬೇಕೆಂದರೆ, ತಮ್ಮ ಪಕ್ಷ ವಹಿಸಿದವರು ಒಬ್ಬರಿದ್ದರು. ವಿಚಾರಣೆಯಿಂದ ವಾಪಸು ಬರುವಾಗ, ಫ್ಯಾಕ್ಟೋರಿಯಾದ ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ನನ್ನ ಗಂಡ ಹೇಳಿದರು: “ಅವ್ರು ಕೇಳಿದ್ದು ತಪ್ಪಲ್ಲ ವೇದಾ. ‘ಆಯ್ತು’ ಅಂದ್ರೆ ಯಾರು ಮಾಡಿದ್ದು ಅಂತ ಬರಲ್ಲ.”

ಹಿಂದಿನ ಸೀಟಿನಲ್ಲಿದ್ದ ಅತ್ತೆ ಅಲಮೇಲು ಕಿಟಕಿಯಿಂದ ಮುಖ ತಿರುಗಿಸದೆ ಅಂದರು: “ಯಾರು ಮಾಡಿದ್ದು ಅಂತ ನಂಗೆ ಗೊತ್ತಿತ್ತಲ್ಲೋ. ಅದಕ್ಕೇ ಅಲ್ವೇನೋ ಎರಡು ವರ್ಷ ನಿನ್ನ ಹತ್ರ ಮಾತು ಬಿಟ್ಟಿದ್ದು?”



ಉಳಿದ ದಾರಿಗಳನ್ನು ನಮ್ಮ ವಕೀಲೆ ವಿವರಿಸಿದ್ದಾರೆ. ಮೇಲ್ಮನವಿ ಸಲ್ಲಿಸಬಹುದು, ಇಂಥ ತೀರ್ಪು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾದ್ದರಿಂದ ಗೆಲ್ಲುವ ಭರವಸೆ ಕೊಡಲಾರರಂತೆ. ಶಿಕ್ಷೆ ಕೊಟ್ಟ ರಾಜ್ಯದಲ್ಲಿ ಕ್ಷಮಾದಾನ ಕೇಳಬಹುದು, ಉತ್ತರ ಬರಲೇಬೇಕೆಂದಿಲ್ಲವಂತೆ. ಇಲ್ಲವೇ ಕಾದು, ಹೊಸದಾಗಿ ಪರೀಕ್ಷೆ ಮಾಡಿಸಿ, ಮತ್ತೆ ಅರ್ಜಿ ಹಾಕಬಹುದು. ಆಗ ಕರ್ತೃವುಳ್ಳ ವಾಕ್ಯಗಳನ್ನೇ ಅಭ್ಯಾಸ ಮಾಡಿಕೊಂಡು ಹೋಗಬೇಕೇ? ಹೋದರೆ, ಬಾಯಿಪಾಠ ಮಾಡಿ ಬಂದಿದ್ದಾರೆ ಎನ್ನುವುದಿಲ್ಲವೇ ತಾವು?

ಮೈತ್ರಿ ಕಾಯುವುದಿಲ್ಲ, ಬೆಳೆಯುತ್ತಿದ್ದಾಳೆ. ವಿಳಾಸ ಖಚಿತಪಡಿಸಿಕೊಳ್ಳಲು ಬರುವ ಪೊಲೀಸರಿಗೆ ಕಳೆದ ಬಾರಿ ಬಾಗಿಲು ತೆರೆದವಳು ಅವಳೇ. “ಅಮ್ಮಾ, ಇಟ್ಸ್ ದ ಪೊಲೀಸ್ ಗೈ ಫಾರ್ ಅಪ್ಪ. ಅಗೇನ್,” ಎಂದು ಕೂಗಿದಳು. ಆ ಕೊನೆಯ ಪದ ಹೊಸದು. ಈವರೆಗೆ ಅವಳು ಎಣಿಸಿರಲಿಲ್ಲ.

ಮುಂದಿನ ಅರ್ಜಿಯ ಹೊತ್ತಿಗೆ ಕನ್ನಡ ಬಲ್ಲವರೊಬ್ಬರನ್ನು ಕೂರಿಸಿಕೊಂಡು ಆ ವರದಿಯನ್ನು ಓದಿ. ಇದು ನನ್ನ ಬೇಡಿಕೆ. ಈಡೇರುತ್ತದೆಂಬ ನಂಬಿಕೆಯಿಲ್ಲ. ಆದ್ದರಿಂದ ಇನ್ನೂ ಚಿಕ್ಕದೊಂದನ್ನು ಕೇಳುತ್ತೇನೆ. ಅದು ತಮ್ಮ ಇಲಾಖೆಯಲ್ಲವೆಂದು ಬಲ್ಲೆ. ತಾವು ಒಂದು ಮಾತು ಹೇಳಿದರೆ ಸಾಕು. ಪೊಲೀಸರು ಬರಲಿ, ಪ್ರತಿ ಸಲವೂ ಬರಲಿ. ಶಾಲೆ ಬಿಡುವ ಮೊದಲು ಬಂದುಹೋಗಲಿ.

ಇಂತಿ,
ತಮ್ಮ ಕಡತದಲ್ಲಿ ‘ಪತ್ನಿ, ಹಾಜರಿದ್ದರು’ ಎಂದಷ್ಟೇ ಇರುವ
ವೇದಾ